ರಾಕ್ ಗಾಯಕರ ಹಳೆಯ ಕ್ಯಾಂಡಿಡ್ ಫೋಟೋ ಸಂಗ್ರಹ: ಮುಖಕ್ಕಿಂತ ಮೊದಲು ಬೆನ್ನು ನೋಡಿ

ವೇದಿಕೆ ಮೇಲೆ ಬೆವರು ಸುರಿಸಿ ಹಾಡುವ ಗಾಯಕರ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಅದೇ ಗಾಯಕ ಕಾರಿನ ಬಾಗಿಲು ಮುಚ್ಚುವಾಗ ಯಾರೋ ಕೂಗಿದ್ದಕ್ಕೆ ತಿರುಗಿ ನಕ್ಕಿರುತ್ತಾನೆ, ರಸ್ತೆ ಬದಿಯಲ್ಲಿ ಗಂಟೆಗಟ್ಟಲೆ ಕಾದು ನಿಂತಿದ್ದ ಹುಡುಗಿಯೊಬ್ಬಳ ಅಗ್ಗದ ಕ್ಯಾಮೆರಾದಲ್ಲಿ ಅದು ಸ್ವಲ್ಪ ಓರೆಯಾಗಿ, ಸ್ವಲ್ಪ ಮಸುಕಾಗಿ ಸಿಕ್ಕಿರುತ್ತದೆ. ನಾನು ಕೂಡಿಡುವುದು ಅಂಥ, ಪೋಸು ಕೊಡದೆ ಸಹಜವಾಗಿ ಸಿಕ್ಕ ಕ್ಯಾಂಡಿಡ್ ಫೋಟೋಗಳನ್ನು. ಪತ್ರಿಕೆಯವರು, ರೆಕಾರ್ಡ್ ಕಂಪನಿಯವರು ಹೇಳಿ ತೆಗೆಸಿದ್ದರಲ್ಲಿ ಗಾಯಕ ತನ್ನನ್ನು ತೋರಿಸಿಕೊಳ್ಳುತ್ತಾನೆ. ಇವುಗಳಲ್ಲಿ ಸುಮ್ನೆ ಇರುತ್ತಾನೆ.

ಇವು ಬರೀ ಅಭಿಮಾನಿಗಳ ಹುಚ್ಚು ಅಂತ ತಿಳಿಯಬೇಡಿ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನ ಡಕೋಟಾ ಕಟ್ಟಡದ ಹೊರಗೆ ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಒಂದು ರೆಕಾರ್ಡಿನ ಮೇಲೆ ಸಹಿ ಹಾಕುತ್ತಿರುವ ಚಿತ್ರ ಇದೆಯಲ್ಲ, ಅದನ್ನು ತೆಗೆದದ್ದು ಪತ್ರಿಕೆಯವರಲ್ಲ, ಅಲ್ಲಿ ಕಾಯುತ್ತಿದ್ದ ಒಬ್ಬ ಅಭಿಮಾನಿ. ಆ ಸಹಿ ಹಾಕಿಸಿಕೊಂಡವನೇ ಕೆಲವು ಗಂಟೆಗಳ ನಂತರ ಲೆನನ್ ಅವರನ್ನು ಗುಂಡಿಟ್ಟು ಕೊಂದ. ಆ ದಿನಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಇನ್ನೇನಿದೆ?

ಹೊಸದಾಗಿ ಶುರು ಮಾಡುವವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಮುಖ ನೋಡಿ ಮರುಳಾಗಿ ಕೊಂಡುಬಿಡುತ್ತಾರೆ. ಈ ಹವ್ಯಾಸದಲ್ಲಿ ಮೊದಲು ಫೋಟೋವನ್ನು ಮಗುಚಿ ಹಾಕಿ ಬೆನ್ನು ನೋಡಬೇಕು, ಆಮೇಲೆ ಅಂಚು, ಆಮೇಲೆ ಜೊತೆಗೆ ಬಂದ ಲಕೋಟೆ, ಮುಖ ಕೊನೆಗೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಒಬ್ಬರನ್ನು ಆರಿಸಿಕೊಳ್ಳಿ, ಕೆಲವೇ ವರ್ಷ ಆರಿಸಿಕೊಳ್ಳಿ

"ಅರವತ್ತರ ದಶಕದ ಎಲ್ಲ ರಾಕ್ ಗಾಯಕರು" ಅಂತ ಹೊರಟರೆ ಯಾರನ್ನೂ ಸರಿಯಾಗಿ ಗುರುತಿಸಲು ಆಗುವುದಿಲ್ಲ. ಒಬ್ಬ ಗಾಯಕ ಅಥವಾ ಒಂದು ತಂಡ, ಅದರಲ್ಲೂ ಮೂರು ನಾಲ್ಕು ವರ್ಷ ಸಾಕು. ಜರ್ಮನಿಯಲ್ಲಿದ್ದಾಗಿನ ಎಲ್ವಿಸ್ ಪ್ರೀಸ್ಲಿ ಮಾತ್ರ ಅಂತ ಇಟ್ಟುಕೊಳ್ಳಿ. 1958ರ ಮಾರ್ಚ್ 24ರಂದು ಅವರು ಸೇನೆಗೆ ಸೇರಿದರು, ಆ ವರ್ಷದ ಅಕ್ಟೋಬರಿನಿಂದ 1960ರ ಮಾರ್ಚ್ ತನಕ ಜರ್ಮನಿಯಲ್ಲಿದ್ದರು, ಬಾಡ್ ನೌಹೈಮ್ ಎಂಬ ಊರಿನಲ್ಲಿ ಬಾಡಿಗೆ ಮನೆ ಮಾಡಿದ್ದರು, ಆ ಮನೆಯ ಮುಂದೆ ಅಭಿಮಾನಿಗಳು ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಇಷ್ಟೇ ಒಂದು ಇಡೀ ಸಂಗ್ರಹಕ್ಕೆ ಸಾಲುತ್ತದೆ. ಅಥವಾ ಲಂಡನ್ನಿನ ಸ್ಯಾವಿಲ್ ರೋನಲ್ಲಿದ್ದ, ಬೀಟಲ್ಸ್ ತಂಡದ್ದೇ ಆದ ಆ್ಯಪಲ್ ಕಂಪನಿಯ ಕಚೇರಿಯ ಮೆಟ್ಟಿಲ ಬಳಿ, ಆ್ಯಬಿ ರೋಡ್ ಸ್ಟುಡಿಯೋದ ಗೇಟಿನ ಬಳಿ ದಿನಗಟ್ಟಲೆ ಕಾಯುತ್ತಿದ್ದ ಹುಡುಗಿಯರು ತೆಗೆದ ಬೀಟಲ್ಸ್ ಚಿತ್ರಗಳು. ಆ ಹುಡುಗಿಯರಿಗೆ 'ಆ್ಯಪಲ್ ಸ್ಕ್ರಫ್ಸ್' ಅಂತಲೇ ಹೆಸರಿತ್ತು.

ವ್ಯಾಪ್ತಿ ಚಿಕ್ಕದಾದಷ್ಟೂ ಕಣ್ಣು ಚುರುಕಾಗುತ್ತದೆ. ಬೇರೆಯವರಿಗೆ ಬರೀ ಮಸುಕು ಕಾಣುವ ಕಡೆ ನಿಮಗೆ ಕೋಟು ಕಾಣುತ್ತದೆ, ಆ ಕೋಟನ್ನು ಅವರು ಯಾವ ಚಳಿಗಾಲದಲ್ಲಿ ಹಾಕುತ್ತಿದ್ದರು ಅಂತ ಹೊಳೆಯುತ್ತದೆ.

ಹೆಜ್ಜೆ 2: ದಿನಚರಿ ಕಟ್ಟಿಕೊಳ್ಳಿ

ಕೊಳ್ಳುವ ಮೊದಲು ಒಂದು ನೋಟ್‌ಬುಕ್ಕು ಅಥವಾ ಸ್ಪ್ರೆಡ್‌ಶೀಟ್ ತೆರೆಯಿರಿ. ನಿಮ್ಮ ಗಾಯಕ ಯಾವ ತಾರೀಕು ಯಾವ ಊರಿನಲ್ಲಿದ್ದರು, ಕೂದಲು ಹೇಗಿತ್ತು, ಮೀಸೆ ಇತ್ತಾ, ಯಾವ ಗಿಟಾರು, ಯಾವ ಕಾರು, ಯಾವ ಅಂಗಿ, ಎಲ್ಲ ಬರೆದುಕೊಳ್ಳುತ್ತಾ ಹೋಗಿ. ಲೆನನ್ ಅವರ ಆ ಪ್ರಸಿದ್ಧ ದುಂಡು ಕನ್ನಡಕ ಕಾಣಿಸಿಕೊಂಡದ್ದು 1966ರ ಶರತ್ಕಾಲದಲ್ಲಿ, ಹಾಗಾಗಿ ಅದನ್ನು ಹಾಕಿಕೊಂಡ ಫೋಟೋಗೆ '1964' ಅಂತ ಚೀಟಿ ಅಂಟಿಸಿದ್ದರೆ ಚೀಟಿ ತಪ್ಪು. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ದಪ್ಪ ಮೀಸೆ ಬಿಟ್ಟದ್ದು 1980ರಲ್ಲಿ. ಇಂಥ ಹತ್ತಿಪ್ಪತ್ತು ಗುರುತು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕನ್ನಡಿಯ ಹಾಗೆ ತಿರುಗಿದ ಪ್ರಿಂಟುಗಳ ಬಗ್ಗೆಯೂ ಎಚ್ಚರ ಇರಲಿ. ನೆಗೆಟಿವ್ ಉಲ್ಟಾ ಇಟ್ಟರೆ ಎಡ ಬಲ ಅದಲು ಬದಲಾಗುತ್ತದೆ. ಪಾಲ್ ಮೆಕಾರ್ಟ್ನಿ, ಜಿಮಿ ಹೆಂಡ್ರಿಕ್ಸ್ ಇಬ್ಬರೂ ಎಡಗೈಯವರು, ಅವರು ಬಲಗೈಯಲ್ಲಿ ಮೀಟುವ ಹಾಗೆ ಕಂಡರೆ ಪ್ರಿಂಟು ತಿರುಗಿರಬಹುದು. ಗಿಟಾರು ಇಲ್ಲದಿದ್ದರೆ ಅಂಗಿಯ ಗುಂಡಿ, ಕಾರಿನ ನಂಬರ್ ಪ್ಲೇಟು, ಅಂಗಡಿಯ ಬೋರ್ಡು ನೋಡಿ.

ಇದರ ಜೊತೆಗೆ, ಈಗಾಗಲೇ ಎಲ್ಲೆಡೆ ಓಡಾಡುತ್ತಿರುವ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ವರ್ಷದ ಪ್ರಕಾರ ಕೂಡಿಟ್ಟುಕೊಳ್ಳಿ. ನಾಳೆ ಯಾರಾದರೂ "ಎಲ್ಲೂ ಬಂದಿಲ್ಲದ ಫೋಟೋ" ಅಂದಾಗ ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.

ಹೆಜ್ಜೆ 3: ಕಾಗದ ಓದುವುದು ಕಲಿಯಿರಿ

ಇದು ಮುಖ್ಯವಾದ ಭಾಗ, ಅವಸರ ಮಾಡಬೇಡಿ.

ಮೊದಲು ಆಕಾರ. ಕೊಡ್ಯಾಕ್ ಕಂಪನಿ 1963ರಲ್ಲಿ ಇನ್‌ಸ್ಟಮ್ಯಾಟಿಕ್ ಎಂಬ ಸುಲಭದ ಕ್ಯಾಮೆರಾ ತಂದಿತು, 126 ಎಂಬ ಕಾರ್ಟ್ರಿಜ್ ಫಿಲ್ಮ್ ಹಾಕುವಂಥದ್ದು. ಸುಮ್ನೆ ತುರುಕಿ ಒತ್ತಿದರಾಯಿತು. ಅದರ ಚಿತ್ರ ಚೌಕಾಕಾರ. ಅರವತ್ತು ಎಪ್ಪತ್ತರ ದಶಕದ ಅಭಿಮಾನಿಗಳ ಫೋಟೋಗಳಲ್ಲಿ ಸುಮಾರು ಮೂರೂವರೆ ಇಂಚಿನ ಚೌಕ ಪ್ರಿಂಟುಗಳು ಅಷ್ಟೊಂದು ಇರುವುದು ಅದಕ್ಕೇ. 1972ರಲ್ಲಿ ಇನ್ನೂ ಚಿಕ್ಕ 110 ಫಿಲ್ಮ್ ಬಂತು. ಅದರ ನೆಗೆಟಿವ್ ತೀರಾ ಪುಟ್ಟದು, ಚಿತ್ರ ಕಾಳುಕಾಳಾಗಿ ಕಾಣುತ್ತದೆ, ಅದು ದೋಷ ಅಲ್ಲ, ಆ ಫಿಲ್ಮಿನ ಗುಣ.

ಆಮೇಲೆ ಅಂಚು. ಆ ಕಾಲದ ಎಷ್ಟೋ ಪ್ರಿಂಟುಗಳ ಬಿಳಿ ಅಂಚಿನ ಮೇಲೆ ಸಣ್ಣಕ್ಷರದಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ. ನೋಡಿದ ಕೂಡಲೇ ಖುಷಿಯಾಗುತ್ತದೆ, ಆದರೆ ಅದು ಲ್ಯಾಬಿನಲ್ಲಿ ತೊಳೆದ ತಿಂಗಳು, ತೆಗೆದ ತಿಂಗಳಲ್ಲ. ಫಿಲ್ಮ್ ಮುಗಿಯುವ ತನಕ ಕ್ಯಾಮೆರಾದಲ್ಲೇ ಬಿಟ್ಟು, ಬೇಸಿಗೆಯ ಚಿತ್ರವನ್ನು ಚಳಿಗಾಲದಲ್ಲಿ ತೊಳೆಸಿದವರು ಬಹಳ. ಹಾಗಾಗಿ ಅಂಚಿನ ತಾರೀಕು ಹೇಳುವುದು "ಇದಕ್ಕಿಂತ ಈಚೆಗೆ ತೆಗೆದದ್ದಲ್ಲ" ಅಂತ ಮಾತ್ರ. ಹಳೆಯ ನೆಗೆಟಿವನ್ನು ಇನ್ನೊಂದು ಪ್ರತಿಗೆ ಮತ್ತೆ ಲ್ಯಾಬಿಗೆ ಕೊಟ್ಟಿದ್ದರೆ ಎರಡನೇ ತಾರೀಕು ಬೀಳುತ್ತದೆ, ಅದನ್ನೂ ನೆನಪಿಡಿ.

ಈಗ ಬೆನ್ನು. ಕಾಗದದ ಹಿಂದೆ ತಯಾರಕರ ಹೆಸರು ತೆಳುವಾಗಿ ಅಚ್ಚಾಗಿರಬಹುದು. ಫ್ಯೂಜಿ ಕಂಪನಿಯ 'ಕ್ರಿಸ್ಟಲ್ ಆರ್ಕೈವ್' ಎಂಬ ಹೆಸರು ಕಂಡರೆ ಆ ಪ್ರಿಂಟು 1990ರ ದಶಕಕ್ಕಿಂತ ಹಿಂದಿನದ್ದಾಗಲು ಸಾಧ್ಯವೇ ಇಲ್ಲ, ಎದುರಿಗೆ 1966ರ ಮುಖ ಎಷ್ಟೇ ಚೆನ್ನಾಗಿ ಕಾಣಲಿ. ಕಾಗದದ ಜಾತಿಯೂ ಮಾತಾಡುತ್ತದೆ. ಪ್ಲಾಸ್ಟಿಕ್ ಲೇಪದ ಕಾಗದ ಬಣ್ಣದ ಪ್ರಿಂಟುಗಳಿಗೆ ಬಂದದ್ದು ಅರವತ್ತರ ದಶಕದ ಕೊನೆಗೆ, ಕಪ್ಪು ಬಿಳುಪಿಗೆ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅದಕ್ಕೂ ಹಿಂದಿನ ಪ್ರಿಂಟಿನ ಬೆನ್ನು ಮುಟ್ಟಿದರೆ ನಿಜವಾದ ಕಾಗದದ ಹಾಗೆ ಇರುತ್ತದೆ, ನುಣ್ಣಗೆ ಜಾರುವುದಿಲ್ಲ. 1957ರದ್ದು ಅಂತ ಹೇಳುವ ಕಪ್ಪು ಬಿಳುಪು ಚಿತ್ರದ ಬೆನ್ನು ಪ್ಲಾಸ್ಟಿಕ್ಕಿನಂತೆ ಜಾರುತ್ತಿದ್ದರೆ ನೆಗೆಟಿವ್ ಹಳೆಯದಿರಬಹುದು, ಪ್ರಿಂಟು ಆಮೇಲಿನದ್ದು.

ಮೊಹರುಗಳನ್ನು ಓದುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ. ಅಮೆರಿಕದ ಲ್ಯಾಬಿನ ಮೊಹರಿನ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಆ ಮೊಹರು 1963ರ ಜುಲೈಗಿಂತ ಹಿಂದಿನದ್ದಲ್ಲ, ಯಾಕೆಂದರೆ ಆ ಪದ್ಧತಿ ಶುರುವಾದದ್ದೇ ಆಗ. ಲಂಡನ್ನಿನ ಫೋನ್ ನಂಬರು 071 ಅಥವಾ 081 ಅಂತ ಶುರುವಾದರೆ ಅದು 1990ರ ನಂತರದ್ದು. ಸುದ್ದಿಸಂಸ್ಥೆಯ ಪ್ರಿಂಟುಗಳಲ್ಲೂ ಹೀಗೆಯೇ. ಯುಪಿಐ, ಅಂದರೆ ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್ ಎಂಬ ಸುದ್ದಿಸಂಸ್ಥೆಯ ಹೆಸರು ಹುಟ್ಟಿದ್ದು 1958ರಲ್ಲಿ ಎರಡು ಸಂಸ್ಥೆಗಳು ಸೇರಿದಾಗ, ಹಾಗಾಗಿ 1956ರ ಎಲ್ವಿಸ್ ಚಿತ್ರದ ಹಿಂದೆ ಯುಪಿಐ ಮೊಹರು ಇದ್ದರೆ ಪ್ರಿಂಟು ನಂತರ ಮಾಡಿದ್ದು. ಪತ್ರಿಕಾ ಕಚೇರಿಯಿಂದ ಹೊರಬಿದ್ದ ಪ್ರಿಂಟಿನ ಹಿಂದೆ ಅಂಟಿಸಿದ ಸುದ್ದಿಯ ತುಣುಕು, ಚಿತ್ರದ ಎಷ್ಟು ಭಾಗ ಅಚ್ಚಾಗಬೇಕು ಅಂತ ಬಣ್ಣದ ಪೆನ್ಸಿಲ್ಲಿನಲ್ಲಿ ಹಾಕಿದ ಗುರುತು, ಗ್ರಂಥಾಲಯದ ಸ್ವೀಕೃತಿ ತಾರೀಕು ಎಲ್ಲ ಇರುತ್ತವೆ. ಅವು ಕೊಳೆ ಅಲ್ಲ, ದಯವಿಟ್ಟು ಒರೆಸಲು ಹೋಗಬೇಡಿ.

ಒಂದು ಹತ್ತು ಪಟ್ಟು ಹಿಗ್ಗಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಸದಾ ಕೈಯಲ್ಲಿರಲಿ. ಚಿತ್ರ ಸಾಲಾಗಿ ಜೋಡಿಸಿದ ಚುಕ್ಕಿಗಳಾಗಿ ಒಡೆದರೆ ಅದು ಪತ್ರಿಕೆಯಿಂದ ಕತ್ತರಿಸಿದ್ದು. ಅಲ್ಲಲ್ಲಿ ಚೆದುರಿದ ಬಣ್ಣದ ಚುಕ್ಕಿಗಳು ಕಂಡರೆ ಇಂಕ್‌ಜೆಟ್. ನಿಜವಾದ ಫೋಟೋ ಪ್ರಿಂಟಿನಲ್ಲಿ ಬಣ್ಣ ಒಂದರೊಳಗೊಂದು ಕರಗಿರುತ್ತದೆ. ಆದರೆ ಲೂಪ್ ಒಂದನ್ನೇ ನಂಬಬೇಡಿ, ಸ್ಕ್ಯಾನ್ ಮಾಡಿದ ಚಿತ್ರವನ್ನು ಇಂದಿನ ಲ್ಯಾಬುಗಳು ನಿಜವಾದ ಫೋಟೋ ಕಾಗದದ ಮೇಲೇ ಹಾಕಿಕೊಡುತ್ತವೆ, ಅದರಲ್ಲಿ ಚುಕ್ಕಿ ಇರುವುದಿಲ್ಲ. ಆಗ ವಿವರ ನೋಡಬೇಕು. ಪ್ರಿಂಟಿನಿಂದ ಮತ್ತೆ ಪ್ರಿಂಟು ತೆಗೆದಾಗ ಕಪ್ಪು ಜಾಗಗಳು ಮುಚ್ಚಿಕೊಂಡು ಒಂದೇ ಮುದ್ದೆಯಾಗುತ್ತವೆ, ಕೂದಲಿನ ಎಳೆ ಕಳೆದುಹೋಗುತ್ತದೆ, ಮೂಲ ಪ್ರಿಂಟಿನ ಮೇಲಿದ್ದ ಗೀರು, ಮಡಿಕೆ ಹೊಸದರಲ್ಲಿ ಚಿತ್ರವಾಗಿ ಮೂಡಿರುತ್ತದೆ. ಬೆರಳಿಗೆ ಸಿಗದ ಮಡಿಕೆ ಕಣ್ಣಿಗೆ ಕಂಡರೆ ಅದು ನಕಲು.

ಕಪ್ಪು ದೀಪ, ಅಂದರೆ ಅಲ್ಟ್ರಾವಯಲೆಟ್ ಟಾರ್ಚಿನ ಬಗ್ಗೆ ತುಂಬಾ ಹೇಳುತ್ತಾರೆ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಐವತ್ತರ ದಶಕದಲ್ಲಿ, ಅದಿದ್ದರೆ ಕಾಗದ ನೀಲಿಯಾಗಿ ಹೊಳೆಯುತ್ತದೆ. ಇನ್ನೂ ಹಳೆಯ ವಸ್ತು ಕೂಡಿಡುವವರಿಗೆ ಇದು ದೊಡ್ಡ ಆಯುಧ. ನಮ್ಮ ವಿಷಯದ ಬಹುಪಾಲು ಅದರ ನಂತರದ್ದೇ ಆಗಿರುವುದರಿಂದ ಹೊಳೆದರೂ ಅನುಮಾನಪಡಬೇಕಿಲ್ಲ. ಟಾರ್ಚಿಗಿಂತ ಒಳ್ಳೆಯ ಲೂಪಿಗೆ ದುಡ್ಡು ಹಾಕಿ.

ಬಣ್ಣ ಕೆಡುವ ರೀತಿಯೂ ಒಂದು ಗುರುತು. ಎಪ್ಪತ್ತರ ದಶಕದ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಹಸಿರು ಅಂಶ ಮೊದಲು ಹೋಗಿ ಚಿತ್ರ ಕೆಂಪಾಗುತ್ತಾ ಬರುತ್ತದೆ, ಕತ್ತಲಲ್ಲಿಟ್ಟರೂ. ಕೊಡ್ಯಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮಿನ ಸ್ಲೈಡ್, ಅಂದರೆ ಬೆಳಕಿಗೆ ಹಿಡಿದು ನೋಡುವ ಪಾರದರ್ಶಕ ಚಿತ್ರ, ಮಾತ್ರ ಕತ್ತಲಲ್ಲಿ ಅಚ್ಚಳಿಯದೆ ಉಳಿಯುತ್ತದೆ. 1960ರ ದಶಕದ ಕೊಡಾಕ್ರೋಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಆ ಕೆಂಪು ಅಂಗಿ ಇವತ್ತು ಬೆಳಿಗ್ಗೆ ಹಾಕಿಕೊಂಡಂತೆ ಕಾಣುತ್ತದೆ. ಆದರೆ ಪ್ರೊಜೆಕ್ಟರಿಗೆ ಪದೇ ಪದೇ ಹಾಕಬೇಡಿ, ಆ ಬೆಳಕು ಅದಕ್ಕೆ ಆಗಿಬರುವುದಿಲ್ಲ.

ತೆಗೆದ ಕೂಡಲೇ ಕ್ಯಾಮೆರಾದಿಂದಲೇ ಚಿತ್ರ ಹೊರಬರುವ ಪೊಲರಾಯ್ಡ್ ಬೇರೆಯೇ ಸಂತೋಷ. 1972ರಲ್ಲಿ ಬಂದ ಎಸ್‌ಎಕ್ಸ್-70ರ ಆ ಅಗಲ ಬಿಳಿ ಅಂಚಿನ ಚಿತ್ರಕ್ಕೆ ನೆಗೆಟಿವ್ ಉಳಿಯುವುದಿಲ್ಲ. ಕ್ಯಾಮೆರಾದಿಂದ ಹೊರಬಂದ ಆ ಒಂದೇ ಪ್ರತಿ, ಅಷ್ಟೇ. ಗಾಯಕ ನಿಂತಿದ್ದ ಅದೇ ಕೋಣೆಯಲ್ಲಿ ಆ ಕಾಗದವೂ ಇತ್ತು.

ಹೆಜ್ಜೆ 4: ಮಾರುವವರ ಪದಗಳನ್ನು ಬಿಡಿಸಿ ನೋಡಿ

'ವಿಂಟೇಜ್' ಅಂದರೆ ಚಿತ್ರ ತೆಗೆದ ಕಾಲಕ್ಕೆ ಹತ್ತಿರದಲ್ಲೇ ಮಾಡಿದ ಪ್ರಿಂಟು. 'ಮೂಲ ನೆಗೆಟಿವ್‌ನಿಂದ' ಅಂದರೆ ಆ ಪ್ರಿಂಟು ಕಳೆದ ವಾರ ಮಾಡಿದ್ದೂ ಆಗಿರಬಹುದು, ಸುಳ್ಳೇನಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ದೊಡ್ಡ ಹರಾಜುಗಳಲ್ಲಿ ಟೈಪ್ 1 ರಿಂದ ಟೈಪ್ 4 ಎಂಬ ವರ್ಗೀಕರಣ ಕಾಣುತ್ತೀರಿ. ಟೈಪ್ 1 ಮೂಲ ನೆಗೆಟಿವ್‌ನಿಂದ ಸುಮಾರು ಎರಡು ವರ್ಷದೊಳಗೆ ಮಾಡಿದ್ದು. ಟೈಪ್ 2 ಅದೇ ನೆಗೆಟಿವ್, ಆದರೆ ಪ್ರಿಂಟು ತಡವಾದದ್ದು. ಟೈಪ್ 3 ನಕಲು ನೆಗೆಟಿವ್ (ಮೂಲದಿಂದ ಪ್ರತಿ ಮಾಡಿದ ನೆಗೆಟಿವ್) ಅಥವಾ ಸುದ್ದಿಸಂಸ್ಥೆಯ ತಂತಿ ಮೂಲಕ ಬಂದ ಚಿತ್ರದಿಂದ ಆ ಕಾಲದಲ್ಲೇ ಮಾಡಿದ್ದು. ಟೈಪ್ 4 ನಕಲು ನೆಗೆಟಿವ್‌ನಿಂದ ಬಹಳ ನಂತರ ಮಾಡಿದ್ದು. ಕ್ರೀಡೆಯ ಫೋಟೋ ಸಂಗ್ರಹಕಾರರಿಂದ ಹರಡಿದ ಲೆಕ್ಕ ಇದು, ನಮಗೂ ಸಾಕಷ್ಟು ಹೊಂದುತ್ತದೆ.

ಇನ್ನೊಂದು ಗುಂಪು ಇದೆ, ಅದಕ್ಕೆ ಈ ಲೆಕ್ಕದಲ್ಲಿ ಸರಿಯಾದ ಜಾಗ ಇಲ್ಲ. ಆಗಿನ ಅಭಿಮಾನಿಗಳು ತಮ್ಮ ಚಿತ್ರಗಳ ಹೆಚ್ಚುವರಿ ಪ್ರತಿ ಮಾಡಿಸಿ ಅಂಚೆಯಲ್ಲಿ ಗೆಳತಿಯರ ಜೊತೆ ಅದಲು ಬದಲು ಮಾಡಿಕೊಳ್ಳುತ್ತಿದ್ದರು, ಕೆಲವರು ಪ್ರಿಂಟಿನಿಂದಲೇ ಪ್ರಿಂಟು ತೆಗೆಸುತ್ತಿದ್ದರು. ಅವು ನಕಲಿ ಮಾಲಲ್ಲ, ಆ ಕಾಲದ್ದೇ. ಬೆಲೆ ಕಡಿಮೆ ಇರುವುದು ನ್ಯಾಯ. ನನಗಂತೂ ಅವು ಪ್ರೀತಿ, ಹಿಂದುಗಡೆ ಹೆಚ್ಚಾಗಿ ಯಾರದ್ದಾದರೂ ಕೈಬರಹ ಇರುತ್ತದೆ.

ಹೆಜ್ಜೆ 5: ಎಲ್ಲಿ ಹುಡುಕುವುದು

ಈಬೇ ಅಂತೂ ಎಲ್ಲರಿಗೂ ಗೊತ್ತು. ಅಲ್ಲಿ ಗಾಯಕರ ಹೆಸರಿನಿಂದ ಹುಡುಕಿದರೆ ಎಲ್ಲರೂ ನೋಡಿದ್ದೇ ಸಿಗುತ್ತದೆ. ಊರಿನ ಹೆಸರು, ಸಭಾಂಗಣದ ಹೆಸರು, ವರ್ಷ, "ಸ್ಲೈಡುಗಳು", "ಆಲ್ಬಮ್", "ಸ್ನ್ಯಾಪ್‌ಶಾಟ್" ಅಂತ ಹುಡುಕಿ, ಹೆಸರನ್ನು ತಪ್ಪು ಕಾಗುಣಿತದಲ್ಲೂ ಹಾಕಿ ನೋಡಿ. ಹಳೆಯ ಮನೆ ಖಾಲಿ ಮಾಡುವಾಗ ಮಾರುವ ಆಲ್ಬಮ್ಮುಗಳು, ರೆಕಾರ್ಡ್ ಮೇಳಗಳು, ಅಭಿಮಾನಿ ಸಮಾವೇಶಗಳು ಒಳ್ಳೆಯ ಜಾಗ. ಹೆರಿಟೇಜ್, ಜೂಲಿಯನ್ಸ್‌ನಂಥ ಹರಾಜು ಸಂಸ್ಥೆಗಳ ಹಳೆಯ ಪಟ್ಟಿಗಳನ್ನು ಕೊಳ್ಳದಿದ್ದರೂ ಓದಿ, ಬೆಲೆಯ ಅಂದಾಜು ಸಿಗುತ್ತದೆ.

ಆದರೆ ಎಲ್ಲಕ್ಕಿಂತ ಒಳ್ಳೆಯ ಜಾಗ ಆ ಗೇಟಿನ ಬಳಿ ನಿಂತಿದ್ದವರು. ಅವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಸಿಕ್ಕರೆ ಮೊದಲು ಬೆಲೆ ಮಾತಾಡಬೇಡಿ. ಆ ದಿನ ಹೇಗಿತ್ತು, ಜೊತೆಗೆ ಯಾರು ಬಂದಿದ್ದರು, ಮಳೆ ಇತ್ತಾ, ಅವರು ಏನಂದರು ಅಂತ ಕೇಳಿ, ಒಪ್ಪಿದರೆ ಮಾತು ಧ್ವನಿಮುದ್ರಿಸಿಕೊಳ್ಳಿ. ಮಾರಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಒಂದು ಒಳ್ಳೆಯ ಸ್ಕ್ಯಾನ್ ಮಾಡಿಕೊಡಲಾ ಅಂತ ಕೇಳಿ.

ಹೆಜ್ಜೆ 6: ದುಡ್ಡು ಕೊಡುವ ಮೊದಲು

ಬೆನ್ನಿನ ಚಿತ್ರ ಕೇಳಿ. ಓರೆ ಬೆಳಕಿನಲ್ಲಿ ತೆಗೆದ ಒಂದು ಚಿತ್ರ ಕೇಳಿ, ಮಡಿಕೆ ಬಿರುಕು ಅದರಲ್ಲಿ ಕಾಣುತ್ತದೆ. ಅಳತೆ ಕೇಳಿ. ಎಲ್ಲಿಂದ ಬಂತು ಅಂತ ಕೇಳಿ. "ಬೆನ್ನಿನಲ್ಲಿ ಏನೂ ಇಲ್ಲ" ಅಂದರೂ ಚಿತ್ರ ಕಳಿಸಲು ಹೇಳಿ, ಏನೂ ಇಲ್ಲದಿರುವುದೂ ಒಂದು ಮಾಹಿತಿಯೇ.

ಮತ್ತೊಂದು ಪ್ರಶ್ನೆ, ಇದನ್ನು ನಾನು ನೋವು ತಿಂದು ಕಲಿತದ್ದು: ಅದೇ ಫಿಲ್ಮ್ ರೋಲಿನ ಬೇರೆ ಚಿತ್ರಗಳು ಇವೆಯಾ? ಶುರುವಿನ ದಿನಗಳಲ್ಲಿ ಒಬ್ಬ ಮಾರಾಟಗಾರರ ಬಳಿ ಒಂದೇ ಲಕೋಟೆಯಲ್ಲಿ ಹನ್ನೊಂದು ಪ್ರಿಂಟುಗಳಿದ್ದವು. ಎರಡರಲ್ಲಿ ಗಾಯಕ, ಉಳಿದದ್ದರಲ್ಲಿ ಒಂದು ಬೀದಿ, ಒಂದು ಬಸ್ಸು, ಕೋಟು ಹಾಕಿದ ಇಬ್ಬರು ಗೆಳತಿಯರು, ಯಾವುದೋ ನಾಯಿ. ನಾನು ಎರಡನ್ನು ಮಾತ್ರ ತೆಗೆದುಕೊಂಡೆ. ತಿಂಗಳುಗಳ ನಂತರ ಊರು ಯಾವುದು ಅಂತ ಪತ್ತೆ ಹಚ್ಚಲು ಕೂತಾಗ ಗೊತ್ತಾಯಿತು, ನನ್ನ ಎರಡು ಚಿತ್ರಗಳ ಹಿನ್ನೆಲೆಯಲ್ಲಿ ಬರೀ ಇಟ್ಟಿಗೆ ಗೋಡೆ. ಆ ಬೀದಿ, ಆ ಬಸ್ಸಿನ ಬೋರ್ಡು ಇದ್ದಿದ್ದರೆ ಊರು ಸಿಗುತ್ತಿತ್ತು. ಮತ್ತೆ ಕೇಳುವಷ್ಟರಲ್ಲಿ ಉಳಿದ ಒಂಬತ್ತು ಯಾರೂ ಕೊಳ್ಳಲಿಲ್ಲ ಅಂತ ಎಸೆದಾಗಿತ್ತು. ಆ ಎರಡು ಚಿತ್ರಗಳಿಗೆ ಇವತ್ತಿಗೂ ಊರಿಲ್ಲ.

ಅದಕ್ಕೇ ಹೇಳುವುದು, ಗಾಯಕ ಇಲ್ಲದ ಚಿತ್ರಗಳನ್ನು ಬಿಡಬೇಡಿ. ಖಾಲಿ ಬೀದಿ, ಕೈ ಅಲುಗಿ ಕೆಟ್ಟ ಚಿತ್ರ, ತಿರುಗಿ ಹೋಗುತ್ತಿರುವ ಬೆನ್ನು, ಎಲ್ಲ ಸೇರಿ ಒಂದು ಮಧ್ಯಾಹ್ನದ ಕತೆ. ನೆಗೆಟಿವ್ ಸಿಕ್ಕರಂತೂ ಅಂಚಿನ ನಂಬರುಗಳಿಂದ ಯಾವುದು ಮೊದಲು ಯಾವುದು ಆಮೇಲೆ ಅಂತ ಸಾಲಾಗಿ ಜೋಡಿಸಬಹುದು.

ನನ್ನದೊಂದು ಗೆರೆಯೂ ಇದೆ. ಗಾಯಕ ಮುಖ ಮುಚ್ಚಿಕೊಂಡು ಬೇಡ ಅನ್ನುತ್ತಿರುವ ಚಿತ್ರ, ಆಸ್ಪತ್ರೆಯ ಚಿತ್ರ, ಶವಸಂಸ್ಕಾರದಲ್ಲಿ ಮನೆಯವರ ಅಳು, ಇವನ್ನು ನಾನು ಕೊಳ್ಳುವುದಿಲ್ಲ. ಕ್ಯಾಂಡಿಡ್ ಅಂದರೆ ಕದ್ದದ್ದು ಅಂತ ಅಲ್ಲ.

ಹೆಜ್ಜೆ 7: ಮನೆಗೆ ಬಂದ ದಿನವೇ

ಯಾವುದನ್ನೂ ಬಿಡಿಸುವ ಮೊದಲು, ಬಂದದ್ದು ಬಂದ ಹಾಗೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಲಕೋಟೆ, ಕ್ರಮ, ಪುಟ ಎಲ್ಲ. ಆಮೇಲೆ ಪ್ರತಿಯೊಂದಕ್ಕೂ ನಂಬರು ಕೊಟ್ಟು ಬರೆದಿಡಿ: ಯಾರಿಂದ, ಯಾವಾಗ, ಎಷ್ಟಕ್ಕೆ, ಮಾರಿದವರು ಏನು ಹೇಳಿದರು, ನೀವು ಏನು ಕಂಡುಕೊಂಡಿರಿ. ಈ ಕೊನೆಯ ಎರಡನ್ನು ಬೇರೆ ಬೇರೆ ಕಾಲಮ್ಮಿನಲ್ಲಿಡಿ. ಮಾರಿದವರ ಮಾತು, ನಿಮ್ಮ ಊಹೆ, ಸಾಬೀತಾದದ್ದು ಮೂರೂ ಕಲಸಿಹೋದರೆ ಹತ್ತು ವರ್ಷದ ನಂತರ ನಿಮಗೇ ಬಿಡಿಸಲು ಬರುವುದಿಲ್ಲ.

ಪ್ರಿಂಟುಗಳನ್ನು ಕನಿಷ್ಠ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಹಿಂದೆ ಮುಂದೆ ಎರಡೂ. 35 ಮಿಮೀ ಸ್ಲೈಡಿಗೆ 3000ಕ್ಕಿಂತ ಮೇಲೆ. ಟಿಫ್ ಕಡತವಾಗಿ ಉಳಿಸಿ, ಬಣ್ಣ ತಿದ್ದುವುದಿದ್ದರೆ ಪ್ರತಿಯೊಂದರ ನಕಲಿನಲ್ಲಿ ತಿದ್ದಿ.

ಅಂಟು ಹಾಳೆಯ ಹಳೆಯ ಆಲ್ಬಮ್ ಬಂದರೆ ಎಳೆಯಬೇಡಿ. ಹಲ್ಲಿನ ಸಂದು ಶುಚಿ ಮಾಡುವ, ಮೇಣವಿಲ್ಲದ ದಾರವನ್ನು (ಡೆಂಟಲ್ ಫ್ಲಾಸ್) ಚಿತ್ರದ ಕೆಳಗೆ ತೂರಿಸಿ ನಿಧಾನ ಗರಗಸದ ಹಾಗೆ ಆಡಿಸಿ. ಬರಲಿಲ್ಲ ಅಂದರೆ ಪುಟವನ್ನೇ ಹಾಗೇ ಇಡಿ.

ಹೆಜ್ಜೆ 8: ಇಡುವುದು

ಪಿವಿಸಿ ಕವರು ಬೇಡವೇ ಬೇಡ, ಹೊಸ ಪ್ಲಾಸ್ಟಿಕ್ಕಿನ ಘಾಟು ಹೊಡೆಯುವಂಥದ್ದು. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ಆಮ್ಲವಿಲ್ಲದ ಕಾಗದದ ಕವರು ಕೊಳ್ಳಿ, ಕವರಿನಿಂದ ಫೋಟೋ ಕೆಡುತ್ತದಾ ಅಂತ ನೋಡುವ ಫೋಟೋ ಆ್ಯಕ್ಟಿವಿಟಿ ಟೆಸ್ಟ್ ಪಾಸಾಗಿದೆ ಅಂತ ಬರೆದಿದ್ದರೆ ನಿಶ್ಚಿಂತೆ. ಗಾಳಿಯ ತೇವ ಶೇಕಡಾ 30ರಿಂದ 50ರ ನಡುವೆ, ಜಾಗ ತಂಪಾಗಿ, ಕತ್ತಲಾಗಿ ಇರಲಿ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಬೀರುವೂ ಬೇಡ. ನೆಗೆಟಿವ್ ಪೆಟ್ಟಿಗೆಯಿಂದ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ, ಕೂಡಲೇ ಉಳಿದವುಗಳಿಂದ ಬೇರೆ ಮಾಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಬೆನ್ನಿನ ಮೇಲೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ್ದು ಮುಂದೆ ಉಬ್ಬುತ್ತದೆ. ಕವರಿನ ಮೇಲೆ ಬರೆದು ಆಮೇಲೆ ಚಿತ್ರ ಒಳಗಿಡಿ. ಗೋಡೆಗೆ ಹಾಕಬೇಕೆನಿಸಿದರೆ ಸ್ಕ್ಯಾನಿನ ಪ್ರಿಂಟು ಹಾಕಿ, ಮೂಲ ಕತ್ತಲಲ್ಲೇ ಇರಲಿ.

ಹೆಜ್ಜೆ 9: ನಿಮ್ಮದಾದದ್ದು ಕಾಗದ ಮಾತ್ರ

ಪ್ರಿಂಟು ಕೊಂಡರೆ ಹಕ್ಕು ಬರುವುದಿಲ್ಲ. ಕಾಪಿರೈಟ್ ಸಾಮಾನ್ಯವಾಗಿ ಗುಂಡಿ ಒತ್ತಿದವರದ್ದು, ಅವರ ನಂತರ ವಾರಸುದಾರರದ್ದು. ಬ್ರಿಟನ್ನಿನಲ್ಲಿ ಅದು ಛಾಯಾಗ್ರಾಹಕ ತೀರಿಕೊಂಡ ಮೇಲೂ 70 ವರ್ಷ ಉಳಿಯುತ್ತದೆ. ನೆಗೆಟಿವ್ ಕೈಯಲ್ಲಿದ್ದರೂ ಹಕ್ಕನ್ನು ಬರವಣಿಗೆಯಲ್ಲಿ ಪಡೆದಿರದಿದ್ದರೆ ಪ್ರತಿ ಮಾಡಿ ಮಾರಲು ಹೋಗಬೇಡಿ. ತೆಗೆದವರು ಗೊತ್ತಿದ್ದರೆ ಎಲ್ಲಿ ತೋರಿಸಿದರೂ ಅವರು ಹೇಳಿದ ಹಾಗೆ ಹೆಸರು ಹಾಕಿ, ಹೆಸರು ಬೇಡ ಅಂದರೆ ಬೇಡ.

ತೆಗೆದವರು ಇನ್ನೂ ಇದ್ದಾರೆ ಅಂತ ಗೊತ್ತಾದರೆ ಸ್ಕ್ಯಾನ್ ಮಾಡಿದ ಪ್ರತಿಯನ್ನು ಅವರಿಗೂ ಕಳಿಸಿ. ಎಷ್ಟೋ ಜನ ಮನೆ ಬದಲಾಯಿಸುವಾಗ, ಕಷ್ಟ ಬಂದಾಗ ತಮ್ಮ ಆಲ್ಬಮ್ ಮಾರಿದವರು. ಒಮ್ಮೆ ಹಾಗೆ ಕಳಿಸಿದಾಗ ಬಂದ ಉತ್ತರದಲ್ಲಿ ಗಾಯಕರ ಬಗ್ಗೆ ಒಂದೇ ಸಾಲಿತ್ತು, ಉಳಿದ ಎರಡು ಪುಟ ಚಿತ್ರದ ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಗೆಳತಿಯ ಬಗ್ಗೆ. ಅವಳ ಹೆಸರು, ಆ ದಿನದ ತಾರೀಕು, ಅವರಿಬ್ಬರು ಹಿಡಿದ ರೈಲು ಎಲ್ಲ ಅದರಲ್ಲಿತ್ತು. ಆ ಪತ್ರ ಈಗ ಚಿತ್ರದ ಜೊತೆ ಅದೇ ಪೆಟ್ಟಿಗೆಯಲ್ಲಿದೆ, ಅದೇ ನಂಬರಿನ ಕೆಳಗೆ.